ಪರಂಗಿಮಲೈ ಮೇಲಿಂದ ಕಂಡ ಯುದ್ಧ

ಪೆರುಂಗುಡಿಯ ಒಂದು ಮಗ್ಗುಲಲ್ಲಿ ಹಳೆ ಮಹಾಬಲಿಪುರಂ ರಸ್ತೆಯ ಐಟಿ ಕಟ್ಟಡಗಳು, ಇನ್ನೊಂದು ಮಗ್ಗುಲಲ್ಲಿ ಪಳ್ಳಿಕರಣೈ ಜೌಗು, ಅದರ ಅಂಚಿಗೆ ಚೆನ್ನೈನ ಕಸದ ಗುಡ್ಡ. ಬೆಂಗಳೂರಿನಿಂದ ಕೆಲಸಕ್ಕೆ ಬಂದವರಿಗೆ ಇದು ಟ್ರಾಫಿಕ್ಕಿನ ಊರು, ಅಷ್ಟೆ. ಇದೇ ಬಯಲಿನ ಆಸುಪಾಸಿಗೆ ಒಮ್ಮೆ ಮೈಸೂರಿನ ದಂಡು ಬಂದಿತ್ತು ಎಂದರೆ ನಗುತ್ತಾರೆ.

ವೇಳಚೇರಿ ದಾಟಿ ಕೆಲವೇ ಮೈಲಿ ಹೋದರೆ ಪರಂಗಿಮಲೈ, ಇಂಗ್ಲಿಷರ ಸೇಂಟ್ ಥಾಮಸ್ ಮೌಂಟ್. ಎತ್ತರ ಸುಮಾರು 300 ಅಡಿ. ನೂರಕ್ಕೂ ಹೆಚ್ಚು ಮೆಟ್ಟಿಲು. ತುದಿಯಲ್ಲಿ ಪೋರ್ಚುಗೀಸರ ಕಾಲದ ಚರ್ಚು, ಕೆಳಗೆ ವಿಮಾನ ನಿಲ್ದಾಣ. 1769ರ ಮಾರ್ಚ್ ಕೊನೆಯಲ್ಲಿ ಹೈದರಾಲಿ ಆರು ಸಾವಿರ ಕುದುರೆ ಸವಾರರೊಂದಿಗೆ ಮೂರೂವರೆ ದಿನದಲ್ಲಿ 130 ಮೈಲಿ ಓಡಿಬಂದು ಪ್ರತ್ಯಕ್ಷನಾದದ್ದು ಇಲ್ಲೇ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮಾತುಕತೆಗೆ ಬಂದವನು ಡ್ಯು ಪ್ರೆ. ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ನಮ್ಮ ಶಾಲೆಯ ಪಾಠ ಇಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಯುತ್ತದೆ.

ಆ ಒಪ್ಪಂದದಲ್ಲಿ, ಯಾರಾದರೂ ಮೇಲೆ ಬಿದ್ದರೆ ಪರಸ್ಪರ ನೆರವಾಗಬೇಕೆಂಬ ಮಾತಿತ್ತು. ಮರಾಠರು ಮೈಸೂರಿನ ಮೇಲೆ ಬಂದಾಗ ಕಂಪನಿ ಕೈಕಟ್ಟಿ ಕೂತಿತು. ಆ ಸಿಟ್ಟೂ ಸೇರಿ 1780ರ ಜುಲೈನಲ್ಲಿ ಹೈದರ್ ಮತ್ತೆ ಘಟ್ಟ ಇಳಿದ. ಈ ಸಲ ಎಂಬತ್ತು ಸಾವಿರಕ್ಕೂ ಮಿಗಿಲಾದ ಸೈನ್ಯ. ಮದ್ರಾಸಿನ ಸುತ್ತ ಮೂವತ್ತು ಮೈಲಿಗೂ ಹೆಚ್ಚು ಅಗಲಕ್ಕೆ ಹಳ್ಳಿಗಳನ್ನು ಸುಟ್ಟ. ಇಂಗ್ಲಿಷ್ ಸೈನ್ಯಕ್ಕೆ ಕಾಳು, ಎತ್ತು, ಮೇವು ಸಿಗಬಾರದೆಂಬುದು ಲೆಕ್ಕ. ಲೆಕ್ಕ ಸರಿಯಾಗಿತ್ತು: ಇಂಗ್ಲಿಷ್ ಸೇನಾಪತಿ ಹೆಕ್ಟರ್ ಮನ್ರೋನ ಪಡೆ ದವಸವಿಲ್ಲದೆ ತಿಣುಕಾಡಿತು. ಆದರೆ ಕಾಳು ಬೆಳೆದವನ ಮನೆಯೂ ಅದೇ ಬೆಂಕಿಯಲ್ಲಿತ್ತು. ಪರಂಗಿಮಲೈ ಮೇಲಿಂದ ನೋಡಿದರೆ ಹೊಗೆಯ ಕಂಬಗಳು ಕಾಣುತ್ತಿದ್ದವೆಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಬರೆದಿದ್ದಾನೆ. ಅವನು ಕಂಪನಿಯ ಕಡೆಯವನು, ನಿಜ. ಹಾಗೆಂದು ಹೊಗೆ ಸುಳ್ಳಾಗುವುದಿಲ್ಲ.

ಸೆಪ್ಟೆಂಬರ್ 10ರಂದು ಕಂಚಿಯ ಬಳಿ ಪೊಳ್ಳಿಲೂರಿನಲ್ಲಿ ಕಂಪನಿಯ ಕರ್ನಲ್ ಬೈಲಿಯ ಪಡೆ ನೆಲಕಚ್ಚಿತು. ಮನ್ರೋ ದೊಡ್ಡ ತೋಪುಗಳನ್ನು ಕಂಚಿಯ ಕಲ್ಯಾಣಿಗೆ ಎಸೆದು ಓಡಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದಲ್ಲಿ ಪಲ್ಲಕ್ಕಿಯೊಳಗೆ ಕೂತ ಬೈಲಿಯನ್ನು ನಾವೆಲ್ಲ ನೋಡಿದ್ದೇವೆ. ಆ ಗೋಡೆಯ ತುಂಬ ಸೈನ್ಯವೇ, ಹಳ್ಳಿಗರಿಗೆ ಜಾಗವಿಲ್ಲ. ಹೈದರನ ಈ ಯುದ್ಧ ಸ್ವಾತಂತ್ರ್ಯದ ಹೋರಾಟವೋ ರಾಜ್ಯದಾಸೆಯೋ ಎಂದು ನಮ್ಮಲ್ಲಿ ಇಂದಿಗೂ ಜಗಳ. ಎರಡೂ ಬಣದವರು ಸುಟ್ಟುಹೋದ ಚೆಂಗಲ್ಪಟ್ಟು ಸೀಮೆಯ ರೈತನ ಸಾಕ್ಷ್ಯ ಕೇಳಿದ್ದನ್ನು ನಾನಂತೂ ಕಾಣೆ.

ಹಾಗೆಂದು ಕಂಪನಿಯೇನೂ ರೈತನ ಬಂಧುವಲ್ಲ. ಈ ಸೀಮೆ 1763ರಲ್ಲೇ ಅದಕ್ಕೆ ಜಹಗೀರಾಗಿ ಬಂದಿತ್ತು. ಅದನ್ನು ಆರ್ಕಾಟಿನ ನವಾಬನಿಗೇ ಗುತ್ತಿಗೆಗೆ ಕೊಟ್ಟು ದುಡ್ಡೆಣಿಸಿಕೊಂಡಿತು. ಕಾಯಲು ಮಾತ್ರ ಆಗಲಿಲ್ಲ. ಅದೇ ನವಾಬನ ಸಾಲಗಳ ಕುರಿತು 1785ರಲ್ಲಿ ಲಂಡನ್ನಿನ ಸಂಸತ್ತಿನಲ್ಲಿ ಎಡ್ಮಂಡ್ ಬರ್ಕ್ ಮಾತಾಡುವಾಗ, ಈ ಸುಟ್ಟ ಸೀಮೆಯ ವರ್ಣನೆಯೂ ಬಂತು.

ಊರು ಕಳೆದುಕೊಂಡವರು ಮದ್ರಾಸಿನ ಕಡೆ ನಡೆದರು. ಹಿಂದೆಯೇ ಬರ. 1782ರಲ್ಲಿ ಅವರಿಗೆಂದು ನಗರದ ಉತ್ತರಕ್ಕೆ ಗಂಜಿ ಕೇಂದ್ರ ತೆರೆಯಿತು. ಮೊನೇಗಾರ್ ಛತ್ರ ಎಂದು ಹೆಸರಾಯಿತು. ಈಗಿನ ಸ್ಟ್ಯಾನ್ಲಿ ಸರಕಾರಿ ಆಸ್ಪತ್ರೆಯ ಬೇರು ಅದೇ. ಪರಂಗಿಮಲೈ ನೋಡಿದವರು ಅಲ್ಲಿಗೂ ಹೋಗಬೇಕು. ಊರಿನ ಇನ್ನೊಂದು ತುದಿ, ಪ್ರಯಾಣ ದೂರ. ಹಳಬರ ಬಾಯಲ್ಲಿ ಅದು ಕಂಜಿ ತೊಟ್ಟಿ ಆಸ್ಪತ್ರೆ.