ವಿವರಣೆ ಅಂಕಣದಲ್ಲಿ ಮಾರ್ಕ್‌ಡೌನ್ ಗುರುತುಗಳ ಬಳಕೆ

ಆನ್‌ಲೈನ್ ಅರ್ಜಿಯೊಡನೆ ಸಲ್ಲಿಸುವ ವಿವರಣೆಯು ಓದಲು ಸುಲಭವಾಗಿರಲೆಂದು ಕೆಲವು ತಂತ್ರಾಂಶಗಳಲ್ಲಿ ಮಾರ್ಕ್‌ಡೌನ್ ಎಂಬ ಸರಳ ಪಠ್ಯ ಪದ್ಧತಿಯನ್ನು ಅಳವಡಿಸಲಾಗಿರುತ್ತದೆ. ಇದನ್ನು ಅಮೆರಿಕದ ಜಾನ್ ಗ್ರೂಬರ್ ಅವರು 2004ರಲ್ಲಿ ಪ್ರಕಟಿಸಿದರು. ಇದಕ್ಕೆ ಕೀಲಿಮಣೆಯಲ್ಲಿರುವ ಚಿಹ್ನೆಗಳೇ ಸಾಕು. ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರ ಚಿಹ್ನೆ (*) ಹಾಕಿದಲ್ಲಿ ಅದು ದಪ್ಪಕ್ಷರದಲ್ಲಿ ಮೂಡುತ್ತದೆ. ಹೊಸ ಕಂಡಿಕೆಗೆ ಮುನ್ನ ಒಂದು ಸಾಲನ್ನು ಖಾಲಿ ಬಿಡತಕ್ಕದ್ದು. ಎಂಟರ್ ಕೀಲಿಯನ್ನು ಒಮ್ಮೆ ಮಾತ್ರ ಒತ್ತಿದರೆ ಎರಡೂ ಸಾಲುಗಳು ಕೂಡಿಕೊಳ್ಳಬಹುದು.

ಸಂಖ್ಯೆಗಳ ವಿಷಯದಲ್ಲಿ ಅರ್ಜಿದಾರರು ವಿಶೇಷ ಎಚ್ಚರ ವಹಿಸುವುದು. ಕಂಡಿಕೆಯ ಆರಂಭದಲ್ಲಿ ಅಂಕಿ, ಅದರ ಮುಂದೆ ಚುಕ್ಕಿ ಹಾಗೂ ಖಾಲಿ ಸ್ಥಳ ಇದ್ದಲ್ಲಿ ಗಣಕಯಂತ್ರವು ಅದನ್ನು ಪಟ್ಟಿಯ ಕ್ರಮಸಂಖ್ಯೆಯೆಂದು ಪರಿಗಣಿಸುತ್ತದೆ. ಜಮೀನಿನ ಸರ್ವೆ ನಂಬರುಗಳನ್ನು "45. ಖುಷ್ಕಿ", "52. ತರಿ", "60. ಬಾಗಾಯ್ತು" ಎಂದು ಒಂದರ ಕೆಳಗೊಂದು ಬರೆದರೆ, 2014ರಲ್ಲಿ ಪ್ರಕಟವಾದ ಕಾಮನ್‌ಮಾರ್ಕ್ ನಿಯಮದಂತೆ ಪರದೆಯ ಮೇಲೆ 45, 46, 47 ಎಂದು ಕಾಣುತ್ತದೆ, ಗ್ರೂಬರ್ ಅವರ ಮೂಲ ಪದ್ಧತಿಯಲ್ಲಾದರೆ 1, 2, 3. ಟೈಪು ಮಾಡಿದವರದು ತಪ್ಪಿಲ್ಲ. ಆದರೂ ಬೇರೊಬ್ಬರ ಜಮೀನು ನಮೂದಾದಂತೆ ತೋರುತ್ತದೆ.

ಆದ್ದರಿಂದ ಸಾಲನ್ನು "ಸರ್ವೆ ನಂಬರ್ 45" ಎಂದು ಪದದಿಂದಲೇ ಆರಂಭಿಸುವುದು ಸೂಕ್ತ. ಚುಕ್ಕಿಯ ಮೊದಲು ಹಿಂದಕ್ಕೆ ವಾಲಿದ ಓರೆಗೆರೆ (\) ಹಾಕಿದರೂ ಸಂಖ್ಯೆಯು ಬದಲಾಗುವುದಿಲ್ಲ. ೪೫ ಎಂದು ಕನ್ನಡ ಅಂಕಿಗಳಲ್ಲಿ ಬರೆದುದನ್ನು ಕಾಮನ್‌ಮಾರ್ಕ್ ಪಟ್ಟಿಯೆಂದು ಗುರುತಿಸುವುದೇ ಇಲ್ಲ. ಅರ್ಜಿಯಲ್ಲಿ ಮುನ್ನೋಟದ ಗುಂಡಿ ಇದ್ದಲ್ಲಿ, ಸಲ್ಲಿಸುವ ಮುನ್ನ ಅದನ್ನು ಒತ್ತಿ ಪ್ರತಿ ಸಂಖ್ಯೆಯನ್ನೂ ಪಹಣಿಯೊಡನೆ ತಾಳೆ ನೋಡತಕ್ಕದ್ದು.