ಕೂಲಿನ್ ಬೆಟ್ಟದ ಬೆನ್ನಿನ ಮೇಲೆ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೆ ಹೊಂದಿಕೊಂಡಂತೆ ಸ್ಕೈ ಎಂಬ ದ್ವೀಪವೊಂದುಂಟು. ಅದರ ದಕ್ಷಿಣದಲ್ಲಿ ಕೂಲಿನ್ ಎಂಬ ಕರಿಯ ಬೆಟ್ಟಗಳ ಸಾಲು ಸುಮಾರು 12 ಕಿಲೋಮೀಟರು ಉದ್ದಕ್ಕೆ ಬಿಲ್ಲಿನಂತೆ ಬಾಗಿ ನಿಂತಿದೆ. ಅತ್ಯುನ್ನತ ಶಿಖರದ ಎತ್ತರ 992 ಮೀಟರು ಮಾತ್ರ. “ಇಷ್ಟೇನೆ?” ಎಂದು ವಾಚಕರು ಕೇಳಬಹುದು. ನಾನು ಆ ಬೆಟ್ಟಗಳನ್ನು ಕಣ್ಣಾರೆ ಕಂಡವನಲ್ಲ. ಪುಸ್ತಕ ಮತ್ತು ಭೂಪಟಗಳಿಂದ ಬಲ್ಲವನು. ಆದರೂ ಈ ಗಿಡ್ಡ ಬೆಟ್ಟಗಳ ನೆತ್ತಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಇಡೀ ದಿನ ಏಕೆ ಬೇಕೆಂಬುದನ್ನು ವಿವರಿಸಲು ಯತ್ನಿಸುತ್ತೇನೆ.

ಮೊದಲನೆಯದಾಗಿ, ಇಲ್ಲಿ ಹತ್ತುವುದು ಒಂದು ಬೆಟ್ಟವನ್ನಲ್ಲ. ಮೂರು ಸಾವಿರ ಅಡಿ ಮೀರಿದ ಸ್ಕಾಟ್ಲೆಂಡಿನ ಬೆಟ್ಟಗಳ ಪಟ್ಟಿಯನ್ನು ಹ್ಯೂ ಮನ್ರೋ ಎಂಬುವರು 1891ರಲ್ಲಿ ಪ್ರಕಟಿಸಿದರು. ಅಂಥ ಬೆಟ್ಟಗಳಿಗೆ ಈಗ ‘ಮನ್ರೋ’ ಎಂದೇ ಹೆಸರು. ಈ ಸಾಲೊಂದರಲ್ಲೇ ಅವು ಹನ್ನೊಂದಿವೆ. ಏರಿದ್ದನ್ನು ಇಳಿದು, ಮತ್ತೆ ಏರಬೇಕು. ಒಟ್ಟು ಏರಿಕೆ ಮೂರು ಸಾವಿರ ಮೀಟರನ್ನು ಮೀರುತ್ತದೆ. ನಡುವೆ ‘ಅಗಮ್ಯ ಶಿಖರ’ವೆಂಬ ಅರ್ಥದ ಹೆಸರುಳ್ಳ ಬಂಡೆಯೊಂದು ಮೀನಿನ ಬೆನ್ನುರೆಕ್ಕೆಯಂತೆ ನಿಂತಿದೆ. 1880ರಲ್ಲಿ ಪಿಲ್ಕಿಂಗ್ಟನ್ ಸಹೋದರರು ಅದನ್ನು ಹತ್ತಿದರು. ಪಟ್ಟಿ ಮಾಡಿದ ಮನ್ರೋ ಅವರಿಗೇ ಅದು ದಕ್ಕಲಿಲ್ಲ! ಬೆನ್ನಿನ ಮೇಲೆ ನಂಬಬಹುದಾದ ನೀರಿನ ಸೆಲೆಯಿಲ್ಲ. ಕುಡಿಯುವ ನೀರನ್ನು ಹೊತ್ತೇ ಹೋಗಬೇಕು. ಜೂನ್ ತಿಂಗಳಲ್ಲಿ ಅಲ್ಲಿ ಹಗಲು ಹದಿನೇಳು ಗಂಟೆಗೂ ಹೆಚ್ಚು. 1911ರ ಜೂನಿನಲ್ಲಿ ಶ್ಯಾಡ್‌ಬೋಲ್ಟ್ ಮತ್ತು ಮ್ಯಾಕ್‌ಲಾರೆನ್ ಎಂಬಿಬ್ಬರು ಮೊಟ್ಟಮೊದಲು ಒಂದೇ ದಿನದಲ್ಲಿ ಈ ನಡಿಗೆಯನ್ನು ಪೂರೈಸಿದಾಗ, ಕೆಳಗಿನ ಕಣಿವೆಯಿಂದ ಹೊರಟು ಆಚೆಯ ಕಣಿವೆಯನ್ನು ಸೇರಲು ಹೆಚ್ಚುಕಡಿಮೆ ಅಷ್ಟೂ ಹೊತ್ತು ಹಿಡಿಯಿತು. (ಈಚೆಗೆ ಬೆನ್ನಿನ ಭಾಗವನ್ನಷ್ಟೇ ಮೂರು ಗಂಟೆಯೊಳಗೆ ಓಡಿ ಮುಗಿಸಿದವರೂ ಉಂಟು. ಅವರ ಮಾತು ಬೇರೆ.)

ಇವೆಲ್ಲಕ್ಕಿಂತ ವಿಚಿತ್ರವಾದುದು ಕಲ್ಲಿನ ಗುಣ. ಸುಮಾರು ಆರು ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯೊಂದರ ಒಡಲಲ್ಲಿ ಹೆಪ್ಪುಗಟ್ಟಿದ ಗ್ಯಾಬ್ರೊ ಎಂಬ ಒರಟು ಶಿಲೆಯಿದು. ಬೂಟನ್ನು ಚೆನ್ನಾಗಿ ಹಿಡಿಯುತ್ತದೆ, ಅಂಗೈಯ ತೊಗಲನ್ನೂ ಕೀಳುತ್ತದೆ. ಇದರಲ್ಲಿ ಅಯಸ್ಕಾಂತ ಗುಣವಿರುವುದರಿಂದ ದಿಕ್ಸೂಚಿಯ ಮುಳ್ಳು ಸುಳ್ಳು ಹೇಳುತ್ತದೆ. ಕಡಲಿನಿಂದ ಮಂಜು ಎದ್ದು ಬಂದು, ಎರಡೂ ಕಡೆ ಪ್ರಪಾತವಿರುವಾಗ, ಕೈಯಲ್ಲಿರುವ ಯಂತ್ರವನ್ನೇ ನಂಬುವಂತಿಲ್ಲವೆಂದರೆ ನಡೆಯುವವನ ಗತಿಯೇನು?

ಅಂಥಲ್ಲಿ ಬೇಕಾದವನು ಜಾನ್ ಮೆಕೆಂಜಿ. 1856ರಲ್ಲಿ ಅದೇ ದ್ವೀಪದ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಈತ ಕೂಲಿನ್ನಿನ ಕಲ್ಲುಕಲ್ಲನ್ನೂ ಬಲ್ಲವನಾಗಿ, ಸುಮಾರು ಐವತ್ತು ವರ್ಷ ಮಾರ್ಗದರ್ಶಿಯಾಗಿದ್ದನು. ನಮ್ಮ ಮನೆತನದಲ್ಲಿ ಕಾಲೇಜಿನ ಹೊಸ್ತಿಲು ತುಳಿದವನು ನಾನೇ ಮೊದಲಿಗ. ತಪ್ಪಿಸಿಕೊಂಡ ದನವನ್ನು ಹುಡುಕಿ ಕಗ್ಗತ್ತಲಲ್ಲಿ ಗುಡ್ಡ ಹತ್ತಿಳಿಯುವ ನನ್ನ ತಂದೆಯವರ ತಿಳಿವಳಿಕೆಗೆ ಯಾವ ಪರೀಕ್ಷೆಯೂ ಇಲ್ಲ, ಪದವಿಯೂ ಇಲ್ಲ. ಅದಕ್ಕೋ ಏನೋ, ಮೆಕೆಂಜಿಯ ವಿಷಯ ಬಂದಲ್ಲಿ ಪುಟ ಮಗುಚಲು ಮನಸ್ಸಾಗಲಿಲ್ಲ.

ಲಂಡನ್ನಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ನಾರ್ಮನ್ ಕಾಲಿ ಅವರು ಮೆಕೆಂಜಿಯೊಡನೆ ಈ ಬೆಟ್ಟಗಳನ್ನು ಸುತ್ತಿದರು. ದುಡ್ಡು ಕೊಟ್ಟು ಪಡೆದ ಜೊತೆ ಕ್ರಮೇಣ ಗೆಳೆತನವಾಯಿತು. ಸಾಲಿನ ಒಂದು ಶಿಖರಕ್ಕೆ ಗೇಲಿಕ್ ಭಾಷೆಯಲ್ಲಿ ಮೆಕೆಂಜಿಯ ಹೆಸರಿದೆ. ಅದರ ಪಕ್ಕೆಯಲ್ಲಿ ಹಾದುಹೋಗುವ ಕಿರಿದಾದ ಕಲ್ಲಿನ ಅಂಚಿಗೆ ಕಾಲಿಯವರ ಹೆಸರು. ಮೆಕೆಂಜಿ 1933ರಲ್ಲಿ ತೀರಿಕೊಂಡನು. ವೃದ್ಧಾಪ್ಯದಲ್ಲಿ ಸ್ಕೈ ದ್ವೀಪಕ್ಕೇ ಬಂದು ನೆಲೆಸಿದ ಕಾಲಿಯವರು 1942ರಲ್ಲಿ ತೀರಿಕೊಂಡಾಗ, ಸ್ಟ್ರುವಾನ್ ಎಂಬಲ್ಲಿ ಅವರನ್ನು ಆ ರೈತನ ಮಗನ ಮಗ್ಗುಲಲ್ಲೇ ಮಣ್ಣುಮಾಡಿದರು. 2020ರಲ್ಲಿ ಕೂಲಿನ್ನಿನ ಬುಡದಲ್ಲಿರುವ ಸ್ಲೀಗಖನ್‌ನಲ್ಲಿ ಇಬ್ಬರ ಕಂಚಿನ ಪ್ರತಿಮೆಗಳನ್ನೂ ಒಟ್ಟಿಗೇ ನಿಲ್ಲಿಸಿದ್ದಾರೆ.