ತೀರ್ಪನ್ನು ಓದುವುದು ಹೇಗೆ?



ಕಾನೂನು ಕಲಿಯುವುದೆಂದರೆ ಕಲಮುಗಳನ್ನು ಬಾಯಿಪಾಠ ಮಾಡುವುದು ಎಂದು ಅನೇಕರು ತಿಳಿದಿದ್ದಾರೆ. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗಾಲಯ ಹೇಗೋ, ಕಾನೂನು ವಿದ್ಯಾರ್ಥಿಗೆ ಗ್ರಂಥಾಲಯ ಹಾಗೆ. ಹುಡುಕುವುದು, ವಿಶ್ಲೇಷಿಸುವುದು, ಬರೆಯುವುದು, ಈ ಮೂರನ್ನೂ ಮಾಡಿಯೇ ಕಲಿಯಬೇಕು.

ಸಕಲೇಶಪುರದ ಹೊಂಗಡಹಳ್ಳದ ಹುಡುಗಿಯೊಬ್ಬಳು, "ದುಡ್ಡಿಲ್ಲದವರಿಗೆ ಡಾಕ್ಟರಾಗುವ ಹಕ್ಕಿಲ್ಲವೇ?" ಎಂದು ನಿಮ್ಮನ್ನು ಕೇಳಿದಳೆನ್ನಿ. ಊಹಿಸಿ ಉತ್ತರ ಹೇಳಬೇಡಿ, ಹುಡುಕಿ.

ಮೊದಲು ಶಾಸನ. ಜನರು 'ಡೊನೇಷನ್' ಎನ್ನುವ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾಯ್ದೆ ತಂದಿತು. ಅನಂತರ ತೀರ್ಪು. 'ಎ.ಐ.ಆರ್. 1992 ಎಸ್.ಸಿ. 1858' ಎಂಬುದು ಒಂದು ವಿಳಾಸ: ಆಲ್ ಇಂಡಿಯಾ ರಿಪೋರ್ಟರ್, 1992ನೇ ಇಸವಿ, ಸುಪ್ರೀಂ ಕೋರ್ಟ್ ವಿಭಾಗ, ಪುಟ 1858. ಅಲ್ಲಿರುವುದು ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆ.

ಈಗ ವಿಶ್ಲೇಷಣೆ. ಸಂಗತಿ ಏನು? ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡನಾಡಿನ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರ ರಾಜ್ಯದವರಿಗೆ 60,000ದವರೆಗೆ ಶುಲ್ಕವೆಂದು ಸರ್ಕಾರದ ಅಧಿಸೂಚನೆ ಹೇಳಿತ್ತು. ಪ್ರಶ್ನೆ ಏನು? ಈ 60,000 ಬೋಧನಾ ಶುಲ್ಕವೋ, ಕ್ಯಾಪಿಟೇಷನ್ ಶುಲ್ಕವೋ? ನಿರ್ಣಯ ಏನು? ಅದು ಕ್ಯಾಪಿಟೇಷನ್ ಶುಲ್ಕವೇ. ಕಾರಣ? ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಶಿಕ್ಷಣದ ಹಕ್ಕೂ ಅಡಗಿದೆ. ಸೀಟನ್ನು ಹಣಕ್ಕೆ ಮಾರುವುದು ಸಮಾನತೆಗೆ ವಿರುದ್ಧ. ಆದರೂ ಅರ್ಜಿದಾರಳಿಗೆ ಸೀಟು ಸಿಗಲಿಲ್ಲ. ತೀರ್ಪಿನ ಕೊನೆಯವರೆಗೆ ಓದದವರಿಗೆ ಇದು ತಿಳಿಯುವುದೇ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಉತ್ತರ ತಪ್ಪಾಗುತ್ತದೆ. 1993ರ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಪೀಠವು ಉಚಿತ ಶಿಕ್ಷಣದ ಮೂಲಭೂತ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. ಅನಂತರದ್ದು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು ಎಂದಿತು. ಆ ತೀರ್ಪು ರೂಪಿಸಿದ್ದ ಶುಲ್ಕ ಮತ್ತು ಪ್ರವೇಶದ ಯೋಜನೆಯನ್ನು 2002ರಲ್ಲಿ, ಟಿ.ಎಂ.ಎ. ಪೈ ಮೊಕದ್ದಮೆಯಲ್ಲಿ, 11 ಮಂದಿಯ ಪೀಠ ತಳ್ಳಿಹಾಕಿತು. ಕ್ಯಾಪಿಟೇಷನ್ ಶುಲ್ಕಕ್ಕೆ ಮಾತ್ರ ಒಪ್ಪಲಿಲ್ಲ. ಹಾಗಾಗಿ ಯಾವ ತೀರ್ಪನ್ನೇ ಆಗಲಿ, ಮುಂದೆ ದೊಡ್ಡ ಪೀಠ ಬದಲಿಸಿದೆಯೇ ಎಂದು ನೋಡದೆ ಬಳಸಬಾರದು.

ಕೊನೆಗೆ ಬರವಣಿಗೆ. ಪ್ರಶ್ನೆ, ಚಿಕ್ಕ ಉತ್ತರ, ನಿಯಮ, ಅದರ ಅನ್ವಯ, ತೀರ್ಮಾನ, ಈ ಕ್ರಮದಲ್ಲಿ ಬರೆಯಿರಿ. ಎದುರು ಪಕ್ಷದ ವಾದವನ್ನು ಮುಚ್ಚಿಡಬೇಡಿ. ಆ ಹುಡುಗಿಗೆ ನೀವು ಬರೆದುಕೊಡಬಹುದಾದದ್ದು ಇಷ್ಟು: "ವೈದ್ಯಕೀಯ ಶಿಕ್ಷಣ ಮೂಲಭೂತ ಹಕ್ಕಲ್ಲ. ಆದರೆ ಸೀಟಿಗಾಗಿ ಕ್ಯಾಪಿಟೇಷನ್ ಶುಲ್ಕ ಕೇಳುವ ಹಕ್ಕು ಯಾವ ಕಾಲೇಜಿಗೂ ಇಲ್ಲ." ಎರಡೇ ವಾಕ್ಯ. ಅವುಗಳ ಹಿಂದೆ ನಿಮ್ಮ ಒಂದು ವಾರದ ಓದು ಇರಬೇಕು.